ನೀಲಿ ದೀಪಗಳ ಬಯಲಿನಲ್ಲಿ ಒಂದು ಮಾಗಿ

ಹೋದ ಮಾರ್ಗಶಿರದಲ್ಲಿ ಅಫಜಲಪುರದಿಂದ ಜೇವರ್ಗಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ರಸ್ತೆಯ ಬದಿಯ ಹೊಲದಲ್ಲಿ ತೊಗರಿಯ ರಾಶಿ ನಡೆದಿತ್ತು. ಯಂತ್ರ ಉಗುಳುತ್ತಿದ್ದ ಹೊಟ್ಟು ಗಾಳಿಯಲ್ಲಿ ತೇಲಿ ಬಂದು ಕಿಟಕಿಯೊಳಗೆ ಸುರಿಯಿತು. ಅದರ ಹಿಂದೆಯೇ ಕಾದ ಎಂಜಿನ್ನಿನ ಘಾಟು ಬಂದಿತು. ಪಕ್ಕದಲ್ಲಿ ಕುಳಿತ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಕಿಡಕಿ ಮುಚ್ರಿ ಅಜ್ಜಾರ, ಕೂಸಿಗಿ ಕೆಮ್ಮ ಅದ" ಎಂದಳು. ನಾನು ಗಾಜನ್ನು ಸರಿಸಿದೆ. ಆದರೆ ವಾಸನೆ ಆಗಲೇ ಒಳಗೆ ಬಂದಾಗಿತ್ತು. ತೊಗರಿಯ ಹೊಟ್ಟೂ ಎಂಜಿನ್ನಿನ ಘಾಟೂ ಹೀಗೆ ಒಂದಾಗಿ ದಿನದಿನವೂ ನನ್ನ ಉಸಿರಿಗೆ ಸೇರಿದ ಸ್ಥಳ ಒಂದಿತ್ತು. ಅಲ್ಲಿ ನಾನು ಒಂದು ಮಾಗಿಯ ಕಾಲವನ್ನು ಕಳೆದಿದ್ದೆ. ಜೇವರ್ಗಿ ಬರುವವರೆಗೂ ಆ ಬಯಲೇ ಕಣ್ಣ ಮುಂದೆ ಇದ್ದಿತು.

ನಾನು ಆಳಂದದ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದವನು. ಸಂಸಾರ ಕಟ್ಟಿಕೊಂಡವನಲ್ಲ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಗುರುಮುಖದಿಂದ ಪಡೆದದ್ದನ್ನು ಪ್ರಾತಃಕಾಲವೂ ಸಾಯಂಕಾಲವೂ ಆವರ್ತಿಸುತ್ತ, ಅಂಗೈಯ ಲಿಂಗವನ್ನು ಪೂಜಿಸುತ್ತ, ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆಯಲ್ಲಿ ದಿನಗಳನ್ನು ಶಿವನಿಗೆ ಒಪ್ಪಿಸುತ್ತಿದ್ದೆ. ಆ ವರ್ಷ ಕಾರ್ತಿಕ ಮುಗಿಯುತ್ತಿರುವಾಗ ದೂರದ ಬಂಧುಗಳೊಬ್ಬರು ಕೋಲೂರಿಕೊಂಡು ಬಂದರು. ಕೊಳಕೂರದಿಂದ ಇನ್ನೂ ಆಚೆ, ಬಟ್ಟಬಯಲಿನಲ್ಲಿರುವ ಒಂದು ಈಶ್ವರ ಗುಡಿಯ ಅರ್ಚಕರು ಅವರು. ಸೊಂಟದ ಶಸ್ತ್ರಚಿಕಿತ್ಸೆಗೆ ಸೊಲ್ಲಾಪುರಕ್ಕೆ ಹೋಗಬೇಕಾಗಿತ್ತು.

"ಶಿವರಾತ್ರಿ ತನಕ ನೀವು ನೋಡ್ಕೋರಿ" ಎಂದರು. "ಭಕ್ತರು ಬರ್ತಾರಂತ ಹೇಳಂಗಿಲ್ಲ. ದೇವರ ತಲಿ ಮ್ಯಾಲ ನೀರು ತಪ್ಪಬಾರ್ದು, ಅಷ್ಟ."

ಭಕ್ತರು ಬಾರದಿದ್ದುದಕ್ಕೆ ಕಾರಣವಿತ್ತು. ಹಿಂದೆ ಗುಡಿಯ ಸುತ್ತ ಒಂದು ಚಿಕ್ಕ ಊರೇ ಇದ್ದಿತು. ವಿಮಾನ ನಡೆಸಲು ಕಲಿಸುವ ಶಾಲೆಯೊಂದು ಬಂದು, ಪಕ್ಕದ ಬಯಲಿನಲ್ಲಿ ವಿಮಾನಗಳು ಏರಿ ಇಳಿಯುವ ರನ್‌ವೇ ಹಾಸಿದಾಗ, ಸದ್ದಿಗೂ ಧೂಳಿಗೂ ಬೇಸತ್ತ ಜನ ಡಾಂಬರು ರಸ್ತೆಯ ಆ ಬದಿಗೆ ಮನೆ ಕಟ್ಟಿಕೊಂಡು ಹೋದರು. ಲಿಂಗವನ್ನು ಕದಲಿಸಲಾಗದೆಂದು ಹಿರಿಯರು ನಿರ್ಣಯಿಸಿದ್ದರಿಂದ ಗುಡಿ ಮಾತ್ರ ಉಳಿಯಿತು. ಅದರ ಪೂರ್ವಕ್ಕೆ ಶಾಲೆಯ ತಂತಿಬೇಲಿ. ಪಶ್ಚಿಮಕ್ಕೆ ಬಿಟ್ಟುಹೋದ ಊರಿನ ಓಣಿಗಳು, ಸೂರಿಲ್ಲದ ಗೋಡೆಗಳು, ಬಾಗಿಲಿಲ್ಲದ ಹೊಸ್ತಿಲುಗಳು. ಹೊಸ ಊರಿನವರು ಹೊಸ ಗುಡಿ ಕಟ್ಟಿಕೊಂಡಿದ್ದರು. ದೇವರಿಗೆ ನಾನು, ನನಗೆ ದೇವರು. ಮೂರನೆಯವರಿಲ್ಲದ ದಿನಗಳೇ ಹೆಚ್ಚು.

ಏಕಾಂತ ನನಗೆ ಹೊಸದಾಗಿರಲಿಲ್ಲ. ಆದರೆ ಆಳಂದದ ಕೋಣೆಯಲ್ಲಿ ಗೋಡೆಯಾಚೆ ಮನುಷ್ಯರ ಕೆಮ್ಮು, ಪಾತ್ರೆಯ ಸದ್ದು, ಸಂತೆಯ ಜಗಳ ಕೇಳಿಸುತ್ತಿದ್ದವು. ಇಲ್ಲಿ ಅಭಿಷೇಕದ ನೀರು ಸೋಮಸೂತ್ರದಿಂದ ಹೊರಗೆ ಹರಿಯುವ ಸದ್ದೇ ದಿನದ ದೊಡ್ಡ ಸದ್ದು. ಮಂತ್ರದ ಕೊನೆಯ ಸ್ವರ ಗರ್ಭಗುಡಿಯಲ್ಲಿ ಒಂದು ಸುತ್ತು ಸುತ್ತಿ ನನ್ನ ಕಿವಿಗೇ ಹಿಂದಿರುಗಿ ಬರುತ್ತಿತ್ತು. ತೀರ್ಥ ತೆಗೆದುಕೊಳ್ಳಲು ಕೈ ಚಾಚುವವರಿಲ್ಲದೆ ಎಷ್ಟೋ ದಿನ ಅದನ್ನು ಬಿಲ್ವದ ಬುಡಕ್ಕೆ ಎರೆದೆ. ಹೇಳಿದ ಮಾತಿಗೆ ಪ್ರತಿಮಾತು ಕೇಳಬೇಕೆಂಬ ಆಸೆ, ಹಸಿವೆಯಂತೆ, ಹೊತ್ತಿಗೆ ಸರಿಯಾಗಿ ಹುಟ್ಟುತ್ತದೆಂದು ಆಗ ತಿಳಿಯಿತು.

ಆ ಹಸಿವೆಗೆ ಒಂದಿಷ್ಟು ಆಧಾರವಾಗಿದ್ದವನು ಶಾಲೆಯ ಕಾವಲುಗಾರ ಶರಣಪ್ಪ. ಅದೇ ಹಾಳೂರಿನಲ್ಲಿ ಹುಟ್ಟಿದವನು. ಬೇಲಿಯ ಬಾಗಿಲಲ್ಲಿ ಕುಳಿತು ಕುಳಿತು ಬೇಸರವಾದಾಗ ಗುಡಿಯ ಕಟ್ಟೆಗೆ ಬರುತ್ತಿದ್ದ. ಮೊದಲ ದಿನ ಸಂಜೆ ನಾನು ನಂದಾದೀಪಕ್ಕೆ ಎಣ್ಣೆ ಹಾಕುತ್ತಿರುವಾಗ ಬೇಲಿಯಾಚೆ ಒಮ್ಮೆಲೇ ಸಾಲುಸಾಲು ನೀಲಿ ದೀಪಗಳು ಹೊತ್ತಿಕೊಂಡವು. ನೆಲಕ್ಕೆ ಅಂಟಿದಂತೆ, ಮೊಣಕಾಲಿಗಿಂತ ತಗ್ಗಿನಲ್ಲಿ, ಕತ್ತಲೆಯ ತುಂಬ ನೀಲಿ ಹನಿಗಳು. ನಾನು ಕೈಯಲ್ಲಿ ಎಣ್ಣೆಯ ಗಿಂಡಿ ಹಿಡಿದು ಹಾಗೆಯೇ ನಿಂತೆ.

"ಏನ್ ನೋಡಾಕತ್ತೀರಿ ಅಯ್ನೋರ?" ಎಂದ ಶರಣಪ್ಪ. "ನಿಮ್ಮ ಶಿವಗ ಒಂದ ದೀಪ. ನಮ್ಮ ಸಾಹೇಬರ ಇಮಾನಕ್ಕ ನೋಡ್ರಿ, ದಾರಿ ತುಂಬ ದೀಪ. ಆದ್ರೂ ದಾರಿ ತಪ್ತಾವ."

"ಇಷ್ಟು ದೀಪ ಇದ್ದೂ?"

"ದೀಪ ಭಾಳ ಇದ್ರ ದಾರಿನೂ ಭಾಳ ಕಾಣ್ತಾವಲ್ರಿ" ಎಂದು ನಕ್ಕು ಬೀಡಿಗಾಗಿ ಜೇಬು ತಡಕಿದ. ಗುಡಿಯೆಂಬುದು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡ.

ಪುಷ್ಯ ಮಾಸದ ಒಂದು ಸಂಜೆ ಮಂಗಳಾರತಿ ಮುಗಿಸಿ ಹೊರಗೆ ಬಂದಾಗ ಕಟ್ಟೆಯ ಕೆಳಗಿನಿಂದ ಒಂದು ಹೆಣ್ಣು ಸ್ವರ ಕೇಳಿಸಿತು. ಯಾರೋ ಒಂದು ಮಾತನ್ನು ತಗ್ಗಿದ ದನಿಯಲ್ಲಿ ಒಮ್ಮೆ ಹೇಳಿ, ಬಳಿಕ ಅದನ್ನೇ ತುಸು ಎತ್ತರದ ದನಿಯಲ್ಲಿ ಎರಡು ಸಲ ಮರುನುಡಿಯುತ್ತಿದ್ದರು. ನುಡಿ ಇಂಗ್ಲಿಷಿನದು, ಅಲ್ಫಾ, ಬ್ರಾವೋ ಎಂಬಂಥ ಹೆಸರುಗಳು. ಆದರೆ ನುಡಿಯುವ ಕ್ರಮ ನನ್ನದು. ಗುರು ಒಮ್ಮೆ ಹೇಳುವುದು, ಶಿಷ್ಯ ಎರಡು ಸಲ ಹೇಳುವುದು. ಇದಕ್ಕೆ ಪಾಠಶಾಲೆಯಲ್ಲಿ ಸಂತೆ ಎನ್ನುತ್ತಾರೆ. ಆಳಂದದ ಶಾಲೆಯಲ್ಲಿ ನಾನು ಶಬ್ದರೂಪಗಳನ್ನು ಹೀಗೆಯೇ ಹೇಳಿಸುತ್ತಿದ್ದೆ. ಆ ಬಯಲಿನಲ್ಲಿ ಅದನ್ನು ಬಲ್ಲವರು ಯಾರು?

"ಯಾರವ್ವಾ ಅದು?" ಎಂದೆ.

ಆಕೃತಿ ಎದ್ದು ನಿಂತಿತು. ಬಿಳಿಯ ಅಂಗಿ, ಭುಜದ ಮೇಲೆ ಪಟ್ಟಿ, ತಲೆಗೆ ಸುತ್ತಿದ ಕಪ್ಪು ವಸ್ತ್ರ. ದೀಪದ ಬೆಳಕಿಗೆ ಕಣ್ಣು ಕಿರಿದಾಗಿಸಿ ನನ್ನನ್ನು ನೋಡಿ, ಬೂಟು ಕಳಚಿ, ಮೆಟ್ಟಿಲ ಬಳಿ ಬಂದು ತಲೆ ಬಾಗಿಸಿದಳು.

"ಗುರುಗಳ, ನೀವಾ? ನಾ ಮುಬೀನಾರಿ. ಅತನೂರದಾಕಿ. ಆಳಂದದಾಗ ಮಾಮೂನ ಮನ್ಯಾಗ ಇದ್ದು ಸಾಲಿ ಕಲ್ತೆ. ನಿಮ್ಮ ಕ್ಲಾಸಿನಾಗ ಕಿಡಕಿ ಬಾಜೂಕ ಕುಂದರ್ತಿದ್ದೆ."

ನೆನಪಾಯಿತು. ಅತನೂರಿನ ತೊಗರಿ ಬೆಳೆಗಾರರ ಮಗಳು. ಉಚ್ಚಾರ ಸ್ವಚ್ಛ, ತಲೆ ಎತ್ತಿ ಮಾತಾಡದ ಹುಡುಗಿ. ಈಗ ವಿಮಾನ ನಡೆಸಲು ಕಲಿಯುತ್ತಿದ್ದಳು. ಮುಸ್ಸಂಜೆಯ ಮಗ್ರಿಬ್ ನಮಾಜನ್ನು ಬೇಲಿಯ ಬಳಿಯ ಬೇವಿನ ಕೆಳಗೆ ಮುಗಿಸಿ, ರಾತ್ರಿಯ ಹಾರಾಟದ ಸರದಿ ಬರುವವರೆಗೆ ಕಟ್ಟೆಯ ಬಳಿ ಕುಳಿತು ಪಾಠ ಮಾಡುತ್ತಿದ್ದಳಂತೆ. ನನ್ನ ಸಂಧ್ಯೆಯೂ ಅದೇ ಹೊತ್ತಿನದಾದ್ದರಿಂದ ಇಷ್ಟು ದಿನ ನಾವು ಒಬ್ಬರನ್ನೊಬ್ಬರು ಕಂಡಿರಲಿಲ್ಲ.

"ಏನು ಬಾಯಿಪಾಠ ಮಾಡಾಕತ್ತಿದ್ದಿ?" ಎಂದು ಕೇಳಿದೆ.

ಮುಖ ತಗ್ಗಿಸಿದಳು. "ದಾರಿ ರಿ. ರಾತ್ರಿ ಪರೀಕ್ಷಾ ಒಮ್ಮೆ ಫೇಲಾಗ್ಯದ. ಶಿವರಾತ್ರಿಗಿಂತ ಮೊದಲ ಇನ್ನೊಮ್ಮೆ ಅದ. ಅದೂ ಹೋದ್ರ ಮನೀಗಿ ಕಳಸ್ತಾರ. ಮತ್ತ ಕರ್ಯಂಗಿಲ್ಲ."

"ಆಕಾಶದಾಗ ದಾರಿ ಎಲ್ಲಿರ್ತದ ತಂಗಿ?"

"ಆಕಾಶದಾಗ ಹೆದ್ರಿಕಿ ಇಲ್ರಿ ಗುರುಗಳ. ಅಲ್ಲಿ ನಾ ಚಲೋನೇ ನಡಸ್ತೇನಿ. ನೆಲದ ಮ್ಯಾಲ ಹೆದ್ರಿಕಿ."

ಬಳಿಕ ಅವಳು ವಿವರಿಸಿದಳು. ವಿಮಾನ ನಿಂತ ಜಾಗದಿಂದ ರನ್‌ವೇಯವರೆಗೆ ಹೋಗಿ ಬರಲು ಕಿರುದಾರಿಗಳಿವೆ. ಅವುಗಳಿಗೆ ಟ್ಯಾಕ್ಸಿವೇ ಎನ್ನುತ್ತಾರೆ. ಒಂದೊಂದಕ್ಕೂ ಒಂದೊಂದು ಅಕ್ಷರದ ಹೆಸರು; ಎ ಎಂಬುದನ್ನು ಅಲ್ಫಾ, ಬಿ ಎಂಬುದನ್ನು ಬ್ರಾವೋ ಎಂದು ನುಡಿಯಬೇಕು. ಕಪ್ಪು ಫಲಕದಲ್ಲಿ ಹಳದಿ ಅಕ್ಷರವಿದ್ದರೆ ಅದು ನೀನು ನಿಂತಿರುವ ದಾರಿ; ಹಳದಿ ಫಲಕದಲ್ಲಿ ಕಪ್ಪು ಅಕ್ಷರವಿದ್ದರೆ ಅದು ಮುಂದೆ ಸಿಗುವ ಬೇರೆ ದಾರಿ. ನೀಲಿ ದೀಪಗಳು ದಾರಿಯ ಅಂಚಿಗೆ. ಕೆಂಪು ದೀಪಗಳು ಅಡ್ಡಸಾಲಾಗಿ ಉರಿಯುತ್ತಿದ್ದರೆ ಅದರಾಚೆ ರನ್‌ವೇ. ಶಾಲೆಯ ಎತ್ತರದ ಗೋಪುರದಿಂದ ರೇಡಿಯೋದಲ್ಲಿ ದಾರಿ ಹೇಳುವವರ ಅಪ್ಪಣೆಯಿಲ್ಲದೆ ಗಾಲಿ ಅದನ್ನು ಮುಟ್ಟಬಾರದು. ಹಗಲು ಇದೆಲ್ಲ ಸುಲಭ. ಕತ್ತಲಾದ ಮೇಲೆ ತಗ್ಗಿನಲ್ಲಿ ಕುಳಿತು ನೋಡಿದರೆ ಎಲ್ಲ ದಾರಿಗಳ ದೀಪಗಳೂ ಒಂದರೊಳಗೊಂದು ಬೆರೆತು, ದಿಕ್ಕಿಲ್ಲದ ಒಂದೇ ನೀಲಿ ನೀರಾಗಿ ತೋರುತ್ತವೆ.

"ಅವತ್ತು ಪರೀಕ್ಷಾ ಮಾಡೋ ಕ್ಯಾಪ್ಟನ್ ಬಾಜೂಕ ಕೂತಿದ್ರು" ಎಂದಳು. "ಬಲಕ್ಕ ಹೊಳ್ಳಬೇಕಿತ್ತು, ಎಡಕ್ಕ ಹೊಳ್ಳಿದೆ. ಮುಂದ ಕೆಂಪು ಸಾಲು ಬಂತು. ರನ್‌ವೇದಾಗ ಇನ್ನೊಂದು ವಿಮಾನ ಇಳ್ಯಾಕ ಬರಾಕತ್ತಿತ್ತು. ಅವರೇ ಬ್ರೇಕ್ ತುಳಿದ್ರು. ಇಲ್ಲಂದ್ರ..." ಅವಳು ಬೇಲಿಯಾಚೆಯ ದೀಪಗಳತ್ತ ನೋಡಿದಳು. "ದಾರಿ ಬಾಯಿಪಾಠ ಆಗಿಲ್ಲ ನಿನಗ, ಹೋಗಿ ಕಲಿ ಅಂದ್ರು. ಅದಕ್ಕ ನಿಮ್ಮ ಸಂತಿ ಹಿಡ್ಕೊಂಡೇನಿ."

ಮರುದಿನದಿಂದ ನಾನೇ ಹೇಳಿಸತೊಡಗಿದೆ. ಅವಳು ತಂದ ನಕ್ಷೆಯನ್ನು ದೀಪದ ಬೆಳಕಿನಲ್ಲಿ ನೋಡಿ ದಾರಿಯ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದೆ. ಅವಳು ಎರಡೆರಡು ಸಲ ಮರುನುಡಿಯುತ್ತಿದ್ದಳು. ಬಳಿಕ ಮೊದಲನೆಯ ಹೆಸರನ್ನು ಎರಡನೆಯದರೊಡನೆ, ಎರಡನೆಯದನ್ನು ಮೂರನೆಯದರೊಡನೆ ಹೆಣೆದು, ಯಾವ ದಾರಿಯ ತುದಿಗೆ ಯಾವ ದಾರಿ ತಾಗುತ್ತದೆಂಬುದು ನಾಲಗೆಯಲ್ಲಿ ನಿಲ್ಲುವಂತೆ ಮಾಡಿದೆ. ನನ್ನ ಗುರುಗಳು ನನಗೆ ಶ್ರುತಿಯನ್ನು ಹೀಗೆಯೇ ಕೊಟ್ಟಿದ್ದರು. ಅಪೌರುಷೇಯವಾದುದನ್ನು ಉಳಿಸಲು ಹುಟ್ಟಿದ ವಿಧಾನ ಡಾಂಬರಿನ ದಾರಿಗೂ ಒದಗಿತೆಂದು ನನಗೆ ಒಳಗೊಳಗೇ ಸಂತೋಷ. ಕೆಲವೇ ದಿನಗಳಲ್ಲಿ ಅವಳು ಹಿಂದುಮುಂದಾಗಿಯೂ ತಪ್ಪದೆ ಹೇಳಿದಳು. ಆದರೂ ರಾತ್ರಿ ವಿಮಾನದಲ್ಲಿ ಕುಳಿತಾಗ ಎದೆ ನಡುಗುತ್ತದೆಂದಳು. ನನಗೆ ಅರ್ಥವಾಗಲಿಲ್ಲ.

"ಬಾಯಿಗಿ ಬಂದದ್ದು ಕಾಲಿಗಿ ಬರಬೇಕಲ್ರಿ ಅಯ್ನೋರ" ಎಂದ ಶರಣಪ್ಪ. "ನಮ್ಮ ಊರೇ ಖಾಲಿ ಬಿದ್ದದ. ಓಣಿಗಳು ಏನು ಕಡಿಮಿ ಅವ?"

ಹೀಗೆ ಹಾಳೂರಿನ ಓಣಿಗಳು ಆ ಮಾಗಿಯಲ್ಲಿ ವಿಮಾನದ ದಾರಿಗಳಾದವು. ಶರಣಪ್ಪ ಕಲ್ಲುಗಳಿಗೆ ಸುಣ್ಣ ಬಳಿದು ಓಣಿಗಳ ಎರಡೂ ಅಂಚಿಗೆ ಇಟ್ಟನು. ಮುಸ್ಸಂಜೆಯಲ್ಲಿ ಅವು ಮಸುಕಾಗಿ ಹೊಳೆಯುತ್ತಿದ್ದವು. ಗೌಡರ ಓಣಿ, ಕುಂಬಾರರ ಓಣಿ, ಮಸೂತಿಯ ಓಣಿ. ಕೊನೆಗೆ ಊರ ಹೆಬ್ಬಾಗಿಲಾದ ಅಗಸಿ, ಅದೇ ರನ್‌ವೇ. ನಾನು ಗುಡಿಯ ಕಟ್ಟೆಯ ಮೇಲೆ ಕುಳಿತು ಗೋಪುರದವನಂತೆ ದಾರಿ ಹೇಳುವುದು, ಅವಳು ಮರುನುಡಿದು ನಡೆಯುವುದು. ವಿಮಾನವೂ ನೆಲದ ಮೇಲೆ ಮನುಷ್ಯನ ನಡಿಗೆಯ ವೇಗದಲ್ಲಿಯೇ ಹೋಗಬೇಕಂತೆ.

"ನಿಧಾನ ಬೇ, ನಮ್ಮ ಪಡಸಾಲಿ ಮ್ಯಾಲ ರೆಕ್ಕಿ ತಾಕೀತು" ಎಂದು ಶರಣಪ್ಪ ಕೂಗುತ್ತಿದ್ದ. ಅವನು ಹುಟ್ಟಿದ ಮನೆಯ ಹೊಸ್ತಿಲು ಗೌಡರ ಓಣಿಯ ತಿರುವಿನಲ್ಲಿತ್ತು. ಅಲ್ಲಿಗೆ ಬಂದಾಗ ಮಾತ್ರ ಅವನು ಸುತ್ತು ಬಳಸಿ ನಡೆಯುತ್ತಿದ್ದ; ಒಳಗೆ ಯಾರೋ ಮಲಗಿರುವಂತೆ.

ಕೆಲವು ಸಂಜೆಗಳು ಚೆನ್ನಾಗಿಯೇ ನಡೆದವು. ಒಂದು ದಿನ ಮಂಜು ಇಳಿದು ಕಲ್ಲುಗಳು ಸರಿಯಾಗಿ ಕಾಣದಿದ್ದಾಗ ನಾನು ಎರಡು ಓಣಿಗಳನ್ನು ಅದಲುಬದಲು ಮಾಡಿ, "ಗೌಡರ ಓಣಿಯಿಂದ ಬಲಕ್ಕ ಕುಂಬಾರ ಓಣಿ ಹಿಡಿ" ಎಂದುಬಿಟ್ಟೆ. ಕುಂಬಾರರ ಓಣಿ ಇದ್ದುದು ಎಡಕ್ಕೆ. ಅವಳು, "ಹೌದ್ರಿ ಗುರುಗಳ" ಎಂದು, ಎರಡು ಸಲ ಮರುನುಡಿದು, ಬಲಕ್ಕೆ ತಿರುಗಿದಳು. ಸ್ವಲ್ಪ ಹೊತ್ತಿನಲ್ಲಿ ಶರಣಪ್ಪ ಕಟ್ಟೆಯಿಂದ ಹಾರಿ ಓಡಿದ.

"ನಿಂದರು! ಏ ಮುಬೀನಾ, ನಿಂದರು ಬೇ! ಅಲ್ಲಿ ಹಾಳಬಾವಿ ಅದ!"

ನಾನು ಹೋಗುವಷ್ಟರಲ್ಲಿ ಅವಳು ಬಾವಿಯ ಮುರಿದ ಕಟ್ಟೆಯಿಂದ ಒಂದು ಮಾರು ದೂರದಲ್ಲಿ ನಿಂತಿದ್ದಳು. ಶರಣಪ್ಪ ಏದುಸಿರು ಬಿಡುತ್ತಿದ್ದ.

"ಓಣಿ ತಪ್ಪಾಗ್ಯದಂತ ನಿನಗ ತಿಳೀಲಿಲ್ಲೇನು?" ಎಂದು ಕೇಳಿದೆ.

"ತಿಳೀತ್ರಿ. ಹೊಳ್ಳಿದ ಕೂಡ್ಲೇ ತಿಳೀತು."

"ಮತ್ತ ಯಾಕ ಮುಂದ ಹೋದಿ?"

ಅವಳು ನನ್ನನ್ನು ನೋಡಿದಳು, ನಾನು ಕೇಳಬಾರದ್ದನ್ನು ಕೇಳಿದಂತೆ. "ನೀವು ಹೇಳಿದ್ರಲ್ರಿ ಗುರುಗಳ."

ನಾವು ಮೂವರೂ ಗುಡಿಗೆ ಹಿಂದಿರುಗಿದೆವು. ಕಟ್ಟೆಯ ಮೇಲೆ ಕುಳಿತ ಮೇಲೆ ಕೇಳಿದೆ: "ಪರೀಕ್ಷಾ ದಿನ ಎಡಕ್ಕ ಹೊಳ್ಳಿದಾಗಲೂ ನಿನಗ ತಿಳಿದಿತ್ತೇನು?"

"ಅನಿಸಿತ್ತರಿ. ಆದ್ರ ಕ್ಯಾಪ್ಟನ್ ಸುಮ್ಮ ಕೂತಿದ್ರು. ಅಷ್ಟು ದೊಡ್ಡವರು ಸುಮ್ಮ ಇದ್ದಾರಂದ್ರ ಸರಿನೇ ಇರಬೇಕು ಅನ್ಕೊಂಡೆ. ನಡುವ ನಿಂತು, ಸರ್ ನನಗ ಗೊತ್ತಾಗವಲ್ದು ಅಂತ ಹೆಂಗ ಅನ್ನೂದು? ಗೋಪುರದವರು ಕೇಳಿದ್ರು, ಸರಿ ಅದೀಯೇನು ಅಂತ. ಹೌದ್ರಿ ಅಂದೆ."

ನಮ್ಮ ಸೀಮೆಯಲ್ಲಿ ಹೌದ್ರಿ ಎಂಬುದು ಉತ್ತರವಲ್ಲ, ನಮಸ್ಕಾರ. ಹಿರಿಯರು ನುಡಿದಾಗ ಕೈ ಜೋಡಿಸುವಂತೆ ನಾಲಗೆ ತಾನಾಗಿ ಅದನ್ನು ಅರ್ಪಿಸುತ್ತದೆ. ತಿಳಿಯಿತೋ ಇಲ್ಲವೋ ಎಂಬುದು ಆಮೇಲಿನ ಮಾತು. ಮನೆಯಲ್ಲಿ, ಮಠದಲ್ಲಿ, ಸಾಲೆಯಲ್ಲಿ ಅದು ಭೂಷಣ. ಕತ್ತಲೆಯಲ್ಲಿ ಕೆಂಪು ದೀಪದ ಸಾಲಿನ ಮುಂದೆ ಅದು ಏನಾಗಬಹುದೆಂಬುದನ್ನು ಆ ಬಾವಿಯ ದಂಡೆ ತೋರಿಸಿತು. ಅವಳಿಗೆ ದಾರಿ ಗೊತ್ತಿತ್ತು, ನಿಲ್ಲುವುದು ಗೊತ್ತಿರಲಿಲ್ಲ.

ನನ್ನ ಗುರುಗಳ ಪಾಠಶಾಲೆಯಲ್ಲಿ ಒಂದು ನಿಯಮವಿದ್ದಿತು. ಸಾಮೂಹಿಕ ಪಾರಾಯಣ ನಡೆಯುತ್ತಿರುವಾಗ ಯಾರಿಗಾದರೂ ಒಂದು ಪದದಲ್ಲಿ ಸಂಶಯ ಬಂದರೆ ಅವನು ತೊಡೆಯ ಮೇಲೆ ಅಂಗೈ ಬಡಿದು ನಿಲ್ಲಬೇಕು. ಎಲ್ಲರೂ ನಿಲ್ಲುತ್ತಿದ್ದರು, ಗುರುಗಳೂ ನಿಲ್ಲುತ್ತಿದ್ದರು. ಕೊನೆಯ ನಿಶ್ಚಿತ ಪದಕ್ಕೆ ಹಿಂದಿರುಗಿ ಅಲ್ಲಿಂದ ಮತ್ತೆ ಆರಂಭ. ತಿಳಿಯದುದನ್ನು ಇತರರ ದನಿಯಲ್ಲಿ ಅಡಗಿಸಿಕೊಂಡು ಮುಂದೆ ಹೋದವನಿಗೆ ಅಂದು ಪ್ರಸಾದವಿಲ್ಲ. ಕೈ ಬಡಿದವನಿಗೆ ಬೈಗುಳವಿಲ್ಲ. ಗುರುಗಳ ಬಾಯಿಂದಲೇ ಪದ ಜಾರಿದಾಗಲೂ ಶಿಷ್ಯ ಕೈ ಬಡಿಯಬಹುದಿತ್ತು. ಇದನ್ನು ಮುಬೀನಾಳಿಗೆ ಹೇಳಿದೆ. ಕೇಳಿ, "ಹೌದ್ರಿ ಗುರುಗಳ" ಎಂದಳು. ಶರಣಪ್ಪ ಮುಖ ತಿರುಗಿಸಿಕೊಂಡು ನಕ್ಕ.

ಅಂದಿನಿಂದ ನಾನು ಬೇಕೆಂದೇ ತಪ್ಪು ದಾರಿ ಹೇಳತೊಡಗಿದೆ. ಸರಿಯಾದ ಹತ್ತು ಮಾತಿನ ನಡುವೆ ಒಂದು ತಪ್ಪು. ಬದುಕಿನುದ್ದಕ್ಕೂ ಅಶುದ್ಧವಾದ ಒಂದು ಸ್ವರವೂ ಬಾಯಿಂದ ಬೀಳದಿರಲೆಂದು ವ್ರತ ಹಿಡಿದವನಿಗೆ ಇದು ಸುಲಭವಾಗಿರಲಿಲ್ಲ. ಹೇಳುವ ಮುನ್ನ ಪ್ರತಿ ಸಲವೂ ಗರ್ಭಗುಡಿಯತ್ತ ತಿರುಗಿ ಮನಸ್ಸಿನಲ್ಲೇ ಕ್ಷಮೆ ಬೇಡುತ್ತಿದ್ದೆ. ಅವಳಿಗಂತೂ ಇನ್ನೂ ಕಷ್ಟ. ತಪ್ಪೆಂದು ತಿಳಿದೂ ಕಾಲು ನಾನು ಹೇಳಿದ ಕಡೆಗೇ ಹೋಗುತ್ತಿತ್ತು. ಹೋಗಿ, ಗೋಡೆಗೆ ಎದುರಾಗಿ, ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಒಂದು ಸಂಜೆ ಗೋಡೆಯ ಮುಂದಿನಿಂದಲೇ ಸಿಟ್ಟಿನಿಂದ ಕೂಗಿದಳು.

"ನಿಮ್ಮ ಮಾತು ಹೆಂಗ ಮೀರಲಿ ಗುರುಗಳ? ಸಣ್ಣಾಕಿದ್ದಾಗಿನಿಂದ ಮೀರಬ್ಯಾಡಂತ ಕಲಿಸಿದವರು ನೀವೇ, ಈಗ ಮೀರು ಅನ್ನಾವರೂ ನೀವೇ."

"ಮೀರು ಅನ್ನಾಕತ್ತಿಲ್ಲ ತಂಗಿ. ನಿಂದರು ಅನ್ನಾಕತ್ತೇನಿ."

"ಎರಡೂ ಒಂದೇ ರಿ, ನನಗ" ಎಂದು ಆ ದಿನ ಪಾಠ ಮುಗಿಸದೆ ಹೊರಟುಹೋದಳು.

ಅನಂತರ ಕೆಲವು ದಿನ ಅವಳು ಬರಲಿಲ್ಲ. ಬಯಲಿನಲ್ಲಿ ತೊಗರಿಯ ರಾಶಿಗಳು ಮುಗಿದು ಬರೀ ಕೂಳೆ ಉಳಿದಿತ್ತು. ಗಾಳಿ ಒಣಗಿ ಕುಸುಬೆಯ ಮುಳ್ಳಿನಂತಾಯಿತು. ದೀಪಗಳು ಹೊತ್ತಿದಾಗ ನಾನು ಕಟ್ಟೆಗೆ ಬಂದು ಕುಳಿತು, ಯಾವ ವಿಮಾನದಲ್ಲಿ ಅವಳಿರಬಹುದೆಂದು ನೋಡುತ್ತಿದ್ದೆ. ಎಲ್ಲ ಒಂದೇ ಬಗೆ: ಒಂದು ಪಕ್ಕ ಕೆಂಪು, ಒಂದು ಪಕ್ಕ ಹಸಿರು, ಬಾಲಕ್ಕೆ ಬಿಳಿ. ಅವಳು ಬರುವ ಮೊದಲು ಇದ್ದ ನಿಶ್ಶಬ್ದ ಹೀಗಿರಲಿಲ್ಲ. ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಇದರಲ್ಲಿ ಇದ್ದಿತು. ಅಗಲಿಕೆಯನ್ನು ಅರಿಯದಿರಲೆಂದೇ ಸಂಸಾರ ಕಟ್ಟದಿದ್ದವನು ನಾನು.

ಅವಳು ಮರಳಿ ಬಂದ ಸಂಜೆ ನೇರವಾಗಿ ಗೌಡರ ಓಣಿಯ ತುದಿಯಲ್ಲಿ ಹೋಗಿ ನಿಂತಳು. ನಾನು ದಾರಿ ಹೇಳಿದೆ, ನಡೆದಳು. ಮತ್ತೆ ಹೇಳಿದೆ, ನಡೆದಳು. ಮೂರನೆಯದು ಅಗಸಿಯನ್ನು ದಾಟಿಸುವ ಮಾತು, ಅಪ್ಪಣೆಯ ಮಾತನ್ನು ಹೇಳದೆಯೇ. ಅವಳು ಎರಡು ಹೆಜ್ಜೆ ಹಾಕಿದಳು. ಬಳಿಕ ನಿಂತಳು. ಕತ್ತಲೆಯೊಳಗಿಂದ ತೊಡೆಯ ಮೇಲೆ ಅಂಗೈ ಬಡಿದ ಸದ್ದು ಬಂದಿತು.

"ಗೊತ್ತಾಗಲಿಲ್ಲರಿ" ಎಂದಳು. "ಅಪ್ಪಣಿ ಆಗಿಲ್ಲ. ನಾ ಇಲ್ಲೇ ನಿಂತೇನಿ. ಮತ್ತೊಮ್ಮೆ ಹೇಳ್ರಿ."

ಶರಣಪ್ಪ ಮೆಲ್ಲಗೆ, "ಗುರುಗಳಿಗೇ ಎದುರ ಮಾತಾಡ್ತಾಳ. ಪಾಸಾದ್ಳ ಬಿಡ್ರಿ" ಎಂದ. ನಾನು ಅಪ್ಪಣೆಯ ಮಾತನ್ನೂ ಸೇರಿಸಿ ದಾರಿಯನ್ನು ಮತ್ತೊಮ್ಮೆ ಹೇಳಿದೆ.

ಪರೀಕ್ಷೆ ಶಿವರಾತ್ರಿಯ ಹಿಂದಿನ ವಾರ ನಡೆಯಿತು. ಅಂದು ಸಾಯಂಪೂಜೆಯನ್ನು ಬೇಗ ಮುಗಿಸಿ ಕಟ್ಟೆಯ ಮೇಲೆ ಕುಳಿತೆ. ಶರಣಪ್ಪ ಬಾಗಿಲಲ್ಲಿ ಕೆಲಸದ ಮೇಲಿದ್ದ. ಅವಳ ವಿಮಾನ ಮೊದಲನೆಯದೆಂದು ಅವನು ಹೇಳಿಹೋಗಿದ್ದ. ಅದು ಹೊರಟು ನೀಲಿ ದೀಪಗಳ ನಡುವೆ ನಡೆಯತೊಡಗಿತು. ಮೊದಲ ತಿರುವು ತಿರುಗಿತು. ಎರಡನೆಯ ತಿರುವಿನ ಬಳಿ ಒಂದು ಜಾಗದಲ್ಲಿ ನೀಲಿ ದೀಪಗಳು ಉರಿಯುತ್ತಿರಲಿಲ್ಲ. ಅಷ್ಟು ನೆಲ ಕಪ್ಪಗೆ ಇದ್ದಿತು. ವಿಮಾನ ಅದರ ಮುಂದೆ ನಿಂತಿತು.

ನಿಂತದ್ದು ಕದಲಲಿಲ್ಲ. ಹಿಂದೆ ಇನ್ನೊಂದು ವಿಮಾನ ಬಂದು ಕಾಯತೊಡಗಿತು. ಎಂಜಿನ್ನಿನ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಪಂಚಾಕ್ಷರಿಯನ್ನು ಹಿಡಿದೆ, ನಾಲಗೆ ನುಡಿಯಿತು, ಮನಸ್ಸು ಆ ಕೆಂಪು ಹಸಿರು ಚುಕ್ಕೆಗಳಲ್ಲಿ ಸಿಕ್ಕಿಕೊಂಡಿತ್ತು. ಕೊನೆಗೆ ತಲೆಯ ಮೇಲೆ ಹಳದಿ ದೀಪ ತಿರುಗುವ ಒಂದು ಜೀಪು ಬಂದು ವಿಮಾನದ ಮುಂದೆ ನಿಂತಿತು. ಜೀಪು ಮುಂದೆ, ವಿಮಾನ ಹಿಂದೆ; ಹಾಗೆ ನಡೆದು ಶೆಡ್ಡಿನ ಮರೆಗೆ ಹೋದವು. ತಪ್ಪು ಮಾಡಿದವರನ್ನು ಕರೆದೊಯ್ಯುವಂತೆ ನನಗೆ ಕಂಡಿತು. ನನ್ನ ನಿಯಮವೇ ಅವಳಿಗೆ ಮುಳುವಾಯಿತೆಂದುಕೊಂಡೆ. ನಿಲ್ಲದೆ ಹೋಗಿದ್ದರೆ ದಾಟಿಹೋಗುತ್ತಿದ್ದಳೋ ಏನೋ. ದೇವರ ಮುಂದೆ ಕುಳಿತೆ. ಕೇಳಿಕೊಳ್ಳಲು ಏನೂ ಉಳಿದಿರಲಿಲ್ಲ.

ಮರುದಿನ ಬೆಳಗಿನ ಅಭಿಷೇಕದ ಹೊತ್ತಿಗೆ ಅವಳು ಬಂದಳು. ಹೆಗಲಲ್ಲಿ ಚೀಲ, ಕೈಯಲ್ಲಿ ಸೂಟ್‌ಕೇಸು. ಚೀಲ ಕಂಡು ನನ್ನ ಊಹೆ ನಿಜವೆಂದೇ ತಿಳಿದೆ. ಬೂಟು ಕಳಚಿ ಮೆಟ್ಟಿಲ ಮೇಲೆ ಕುಳಿತಳು. ನಾನು ಪೂಜೆ ನಿಲ್ಲಿಸಲಾರೆ, ಅವಳು ನಡುವೆ ಮಾತಾಡಲಾರಳು. ಆ ದಿನ ಗಿಂಡಿಯ ನೀರು ಬಹಳ ನಿಧಾನವಾಗಿ ಇಳಿಯಿತು.

"ಕ್ಯಾಪ್ಟನ್ ನಡಿ ಅಂದ್ರು" ಎಂದಳು, ನಾನು ಹೊರಗೆ ಬಂದ ಮೇಲೆ. "ಮುಂದ ದೀಪ ಇರಲಿಲ್ಲ. ಎರಡು ದಾರಿ ಇದ್ದಂಗ ಕಂಡ್ವು. ಬಲಕ್ಕ ನಡಿ ಅಂದ್ರು. ಸರ್, ನನಗ ಖಾತ್ರಿ ಇ‌ಲ್ಲ, ನಿಂದರ್ತೇನಿ ಅಂದೆ. ಟೈಮ್ ಹೋಗಾಕತ್ತದ, ಹಿಂದಿನವರು ಕಾಯಾಕತ್ತಾರ, ನಡಿ ಅಂತ ಮತ್ತ ಅಂದ್ರು. ನಾ ಗೋಪುರದವರಿಗಿ ಹೇಳ್ದೆ, ಎಲ್ಲಿದ್ದೇನಂತ ಗೊತ್ತಿಲ್ಲ, ದಾರಿ ತೋರಿಸ್ರಿ ಅಂತ. ಅವರು ಜೀಪು ಕಳಿಸಿದ್ರು."

"ಆಮ್ಯಾಲ?"

"ಶೆಡ್ಡಿನಾಗ ಇಳಿದ ಮ್ಯಾಲ ಕ್ಯಾಪ್ಟನ್ ಖರೇ ಹೇಳಿದ್ರು. ನಾ ನಿಂದರ್ತೇನೋ ಇಲ್ಲೋ ನೋಡಾಕ ದೀಪ ತಾವೇ ಆರಸಾಕ ಹೇಳಿದ್ರಂತ. ಆಮ್ಯಾಲ ಹಾರಾಟ ಮಾಡ್ಸಿದ್ರು, ಕೊನಿಗಿ ಕಾಗದದ ಮ್ಯಾಲ ಸಹಿ ಹಾಕಿ ಕೈಯಾಗ ಕೊಟ್ರು." ಆಗ ಮಾತ್ರ ಅವಳ ಮುಖದಲ್ಲಿ ನಗೆ ಮೂಡಿತು. "ಪಾಸಾದ್ನಿ ಗುರುಗಳ. ಮುಂದಿನ ಕಲಿಕಿ ಬ್ಯಾರೆ ರಾಜ್ಯದಾಗ. ಇವತ್ತೇ ಹೊಂಟೇನಿ. ಅತನೂರಕ್ಕ ಹೋಗಿ ಅಬ್ಬಾಗ ಕಂಡು ಹಂಗೇ ರೈಲು."

ಶರಣಪ್ಪ ಸೂಟ್‌ಕೇಸು ಹೊತ್ತುಕೊಂಡ. ನಾನೂ ರಸ್ತೆಯವರೆಗೆ ನಡೆದೆ. ಹಾಳೂರಿನ ಓಣಿಯಲ್ಲಿ ಸುಣ್ಣದ ಕಲ್ಲುಗಳು ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು. ಶರಣಪ್ಪ ಮಾತ್ರ ಮಾತಾಡುತ್ತಿದ್ದ: ವಿಮಾನ ದೊಡ್ಡದಾದ ಮೇಲೆ ತನ್ನನ್ನು ಒಮ್ಮೆ ಕೂರಿಸಿಕೊಳ್ಳಬೇಕಂತೆ, ಕಿಟಕಿಯ ಪಕ್ಕವೇ ಬೇಕಂತೆ, ಇಲ್ಲದಿದ್ದರೆ ಹತ್ತುವುದಿಲ್ಲವಂತೆ. ಅವಳು ನಗುತ್ತಿದ್ದಳು. ನಾನು ಕೇಳಬಾರದೆಂದುಕೊಂಡಿದ್ದ ಮಾತು ದೂರದಲ್ಲಿ ಬಸ್ಸಿನ ಧೂಳು ಕಂಡಾಗ ಬಾಯಿಗೆ ಬಂದುಬಿಟ್ಟಿತು.

"ಯುಗಾದಿಗಿ ಆಳಂದಕ್ಕ ಬರ್ತೀಯಲ್ಲ ತಂಗಿ? ನಾನೂ ಅಷ್ಟರಾಗ ಅಲ್ಲಿರ್ತೇನಿ."

ನಮ್ಮ ಸೀಮೆಯಲ್ಲಿ ಇಂಥ ಪ್ರಶ್ನೆಗೆ ಉತ್ತರ ಒಂದೇ. ಬರಲಿ ಬಿಡಲಿ, ಹೊರಡುವವರು ಅದನ್ನು ಹೇಳುತ್ತಾರೆ; ಉಳಿಯುವವರು ಅದನ್ನು ಹಿಡಿದುಕೊಂಡು ಒಂದಷ್ಟು ದಿನ ಬಾಳುತ್ತಾರೆ. ಅವಳ ತುಟಿಯೂ ಅದಕ್ಕೆ ತೆರೆದದ್ದನ್ನು ನೋಡಿದೆ. ಆದರೆ ಅವಳು ನಿಂತಳು. ನನ್ನ ಕಣ್ಣನ್ನು ನೇರವಾಗಿ ನೋಡಿದಳು. ಆಳಂದದ ತರಗತಿಯಲ್ಲಿ ಅವಳು ಒಮ್ಮೆಯೂ ಹಾಗೆ ನೋಡಿರಲಿಲ್ಲ.

"ಗೊತ್ತಿಲ್ಲರಿ ಗುರುಗಳ" ಎಂದಳು.

"ಸರಿ ತಂಗಿ" ಎಂದೆ. "ಸರಿಯಾಗಿ ಹೇಳಿದಿ." ಅವಳ ತಲೆಯ ಮೇಲೆ ಕೈ ಇಟ್ಟೆ. ಬಸ್ಸು ನಿಂತು, ಅವಳನ್ನು ಹತ್ತಿಸಿಕೊಂಡು, ಅಫಜಲಪುರದ ಕಡೆಗೆ ಹೊರಟಿತು. ಶರಣಪ್ಪ ಬಾಗಿಲಿನ ಕೆಲಸಕ್ಕೆ ಹೋದ. ನಾನು ಒಬ್ಬನೇ ಗುಡಿಗೆ ಹಿಂದಿರುಗಿ, ಅವಳಿಗೆಂದು ತೆಗೆದಿಟ್ಟು ಕೊಡಲು ಮರೆತಿದ್ದ ಕೊಬ್ಬರಿ ಬೆಲ್ಲದ ಪ್ರಸಾದವನ್ನು ದೇವರ ಎದುರಿನಲ್ಲೇ ಕುಳಿತು ಸ್ವೀಕರಿಸಿದೆ.